ಹಳೇ ರಿವಾಲ್ವರ್‌ಗೆ 950 ಡಾಲರ್: ಕೊಡಬಹುದಾ?

ಪ್ರಶ್ನೆ: ನಮಸ್ಕಾರ ಸರ್. ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ ಇದ್ದೇನೆ. ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ತಿಂಗಳಿಗೆರಡು ಸಲ ಗೆಳೆಯರ ಜೊತೆ ಶೂಟಿಂಗ್ ರೇಂಜ್‌ಗೆ ಹೋಗಿ ಹೋಗಿ ರಿವಾಲ್ವರ್ ಹುಚ್ಚು ಹಿಡಿದಿದೆ. ಇಲ್ಲಿನ ಒಂದು ಅಂಗಡಿಯಲ್ಲಿ ಹಳೆಯ ಸ್ಮಿತ್ ಆಂಡ್ ವೆಸನ್ ಮಾಡೆಲ್ 19-3 ಇದೆ. 4 ಇಂಚಿನ ಬ್ಯಾರೆಲ್, ನೀಲಿ ಫಿನಿಶ್, ಹಿಡಿ ಮಾತ್ರ ರಬ್ಬರಿನದು. ಪೆಟ್ಟಿಗೆ ಇಲ್ಲ. 950 ಡಾಲರ್ ಅಂತಾರೆ. "ಇಂಥದ್ದು ಈಗ ಯಾರೂ ಮಾಡಲ್ಲ, ಬೆಲೆ ಏರ್ತಾನೇ ಇರುತ್ತೆ" ಅನ್ನುವುದು ಅಂಗಡಿಯವರ ಮಾತು. ಆನ್‌ಲೈನ್‌ನಲ್ಲಿ ನೋಡಿದರೆ ಅದೇ ಮಾಡೆಲ್ 600ಕ್ಕೂ ಇದೆ, 1500ಕ್ಕೂ ಇದೆ. ನ್ಯಾಯವಾದ ಬೆಲೆ ಯಾವುದು ಅಂತ ಕಂಡುಹಿಡಿಯೋದು ಹೇಗೆ?

ಉತ್ತರ: ಮೊದಲು ಅಂಗಡಿಯವರ ಮಾತನ್ನು ಪಕ್ಕಕ್ಕಿಡಿ. ಮಾಡೆಲ್ 19 ಈಗಲೂ ತಯಾರಾಗುತ್ತದೆ. 1999ರಲ್ಲಿ ಕಂಪನಿ ನಿಲ್ಲಿಸಿತ್ತು ನಿಜ, 2018ರಲ್ಲಿ ಮತ್ತೆ ಶುರು ಮಾಡಿತು. ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ಇದೆ, ಹಳೆಯದನ್ನೇ ಬಯಸುವವರು ಬಹಳ ಜನ ಇದ್ದಾರೆ, ಅದೆಲ್ಲ ಸರಿ. ಆದರೆ ಅದೇ ಅಂಗಡಿಯಲ್ಲಿ ಹೊಸ ಮಾಡೆಲ್ 19ಕ್ಕೆ ಎಷ್ಟು ಅಂತ ಒಂದು ಸಲ ಕೇಳಿ, ಬರೆದುಕೊಳ್ಳಿ. ಹಳೆಯದಕ್ಕೆ ಹೊಸದಕ್ಕಿಂತ ಜಾಸ್ತಿ ಕೊಡುವುದಾದರೆ ಯಾಕೆ ಅಂತ ನೀವೇ ಒಂದು ವಾಕ್ಯದಲ್ಲಿ ಹೇಳಬಲ್ಲಿರಾ? ಹೇಳೋಕೆ ಬರದಿದ್ದರೆ ಕೊಡಬೇಡಿ.

ನಾನು ಕೊಡಗಿನವನು. ಮನೆಯಲ್ಲಿ ಕೋವಿ ನೋಡುತ್ತಲೇ ಬೆಳೆದವನು. ಕೈಲ್‌ಪೊಳ್ದ್ ಹಬ್ಬದ ದಿನ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿ ಅದಕ್ಕೆ ಪೂಜೆ ಮಾಡುವುದು ಗೊತ್ತಿತ್ತು, ಬೆಲೆ ಕಟ್ಟುವುದು ಗೊತ್ತಿರಲಿಲ್ಲ. ಮನೆಯ ಕೋವಿಯನ್ನು ಯಾರು ಮಾರುತ್ತಾರೆ? ಬೆಲೆ ಕಟ್ಟುವುದನ್ನು ನಾನು ಕಲಿತದ್ದು ಇಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದ ಮೇಲೆ. ಬಂದೂಕು ರಿಪೇರಿ ಮಾಡುವ ಒಬ್ಬ ಮುದುಕ ಗನ್‌ಸ್ಮಿತ್ ಪಕ್ಕದಲ್ಲಿ ಶನಿವಾರ ಶನಿವಾರ ಸ್ಟೂಲ್ ಹಾಕಿಕೊಂಡು ಕೂತು ಕಲಿತೆ. ಅದಕ್ಕೂ ಮುಂಚೆ ಒಂದು ಸಲ ಚೆನ್ನಾಗಿ ಟೋಪಿ ಹಾಕಿಸಿಕೊಂಡಿದ್ದೆ. ಅದನ್ನು ಮುಂದೆ ಹೇಳುತ್ತೇನೆ, ಯಾಕಂದರೆ ಅದೂ ಮಾಡೆಲ್ 19ನದೇ ಕಥೆ.

ನೀವು ಮೊದಲು ತೀರ್ಮಾನ ಮಾಡಬೇಕಾದ್ದು ಒಂದೇ. ಇದನ್ನು ಹೊಡೆಯೋಕೆ ತಗೋತಿದ್ದೀರೋ, ಇಟ್ಟುಕೊಳ್ಳೋಕೋ? ರೇಂಜ್‌ಗೆ ಒಯ್ದು ತಿಂಗಳಿಗೆ ಇನ್ನೂರು ಗುಂಡು ಹೊಡೆಯುವವನಿಗೆ ಬೇಕಾದ್ದು ಒಳಗಿನ ಯಂತ್ರ. ಗಾಜಿನ ಬೀರುವಿನಲ್ಲಿ ಇಡುವವನಿಗೆ ಬೇಕಾದ್ದು ಹೊರಗಿನ ಮೈ, ಮೂಲ ಹಿಡಿ, ಪೆಟ್ಟಿಗೆ, ಕಾಗದ. ಇವೆರಡಕ್ಕೂ ಬೆಲೆ ಬೇರೆ ಬೇರೆ. ಒಂದೇ ಮಾಡೆಲ್‌ಗೆ 600ರಿಂದ 1500ರವರೆಗೆ ಬೆಲೆ ಕಂಡದ್ದಕ್ಕೆ ಮುಖ್ಯ ಕಾರಣ ಇದೇ. ಮೋಸ ಹೋಗುವವರಲ್ಲಿ ಹೆಚ್ಚಿನವರು ಹೊಡೆಯುವ ರಿವಾಲ್ವರ್‌ಗೆ ಬೀರುವಿನ ಬೆಲೆ ಕೊಟ್ಟಿರುತ್ತಾರೆ. ನಿಮ್ಮ ಪತ್ರ ಓದಿದರೆ ನೀವು ಹೊಡೆಯುವವರು ಅಂತ ಕಾಣುತ್ತದೆ. ಹಾಗೆಂದುಕೊಂಡೇ ಮುಂದೆ ಹೇಳುತ್ತೇನೆ.

ಆನ್‌ಲೈನ್‌ನಲ್ಲಿ ನೀವು ನೋಡಿದ್ದು ಕೇಳುವ ಬೆಲೆ. ಅದು ಮಾರಿದ ಬೆಲೆ ಅಲ್ಲ. ಯಾರು ಬೇಕಾದರೂ 1500 ಅಂತ ಬರೆದು ಎರಡು ವರ್ಷ ಸುಮ್ನೆ ಕೂರಬಹುದು. ಗನ್‌ಬ್ರೋಕರ್‌ನಂಥ ಹರಾಜು ತಾಣದಲ್ಲಿ ಖಾತೆ ತೆರೆದರೆ ಮುಗಿದುಹೋದ ಹರಾಜುಗಳನ್ನು ಬೇರೆಯಾಗಿ ನೋಡಬಹುದು. ಅಲ್ಲೂ ಹುಷಾರು. ಮುಗಿದದ್ದೆಲ್ಲ ಮಾರಾಟ ಆದದ್ದಲ್ಲ, ಒಂದೂ ಬಿಡ್ ಬರದೆ ಮುಗಿದವು ಎಷ್ಟೋ ಇರುತ್ತವೆ. ಬಿಡ್ ಬಂದು ನಿಜವಾಗಿ ಮಾರಾಟ ಆದ ಐದಾರನ್ನು ಆರಿಸಿಕೊಳ್ಳಿ. ಎಲ್ಲ 19-3 ಆಗಿರಲಿ, 4 ಇಂಚಿನದೇ ಇರಲಿ, ನೀಲಿಯದೇ ಇರಲಿ. ಎರಡೂವರೆ ಇಂಚಿನ ಬ್ಯಾರೆಲ್‌ನದಕ್ಕೆ ಜನ ಜಾಸ್ತಿ ಕೊಡುತ್ತಾರೆ, ಅದನ್ನು ಸೇರಿಸಿದರೆ ಲೆಕ್ಕ ಕೆಡುತ್ತದೆ. ಎಲ್ಲಕ್ಕಿಂತ ಜಾಸ್ತಿಗೆ ಹೋದದ್ದನ್ನೂ ಎಲ್ಲಕ್ಕಿಂತ ಕಡಿಮೆಗೆ ಹೋದದ್ದನ್ನೂ ಬಿಟ್ಟುಬಿಡಿ. ಹರಾಜಿನಲ್ಲಿ ಇಬ್ಬರು ಹಟಕ್ಕೆ ಬಿದ್ದರೆ ಬೆಲೆ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಕಳೆದ ಆರು ತಿಂಗಳ ಮಾರಾಟ ಸಾಕು. 2020ರಲ್ಲಿ ಕೋವಿಡ್ ಹೊತ್ತಿಗೆ ಇಲ್ಲಿ ಅಂಗಡಿಗಳು ಖಾಲಿಯಾಗಿದ್ದವು, ಗುಂಡು ಕೂಡ ಸಿಗುತ್ತಿರಲಿಲ್ಲ. ಆಗ ಜನ ಕೊಟ್ಟ ಬೆಲೆ ಇವತ್ತಿಗೆ ಅಳತೆಗೋಲಲ್ಲ.

ಹಾಗಂತ ಆನ್‌ಲೈನ್‌ನಲ್ಲೇ ಕೊಳ್ಳಿ ಅನ್ನುತ್ತಿಲ್ಲ. ಫೋಟೋ ನೋಡಿ ಹಳೇ ರಿವಾಲ್ವರ್ ಕೊಳ್ಳುವುದು ನೀರಲ್ಲಿರುವ ಎಮ್ಮೆಗೆ ಬೆಲೆ ಕಟ್ಟಿದ ಹಾಗೆ. ನಿಮ್ಮ ಅಂಗಡಿಯದು ದಡದ ಮೇಲಿದೆ. ಕೈಯಲ್ಲಿ ಹಿಡಿದು ನೋಡಬಹುದು. ಆ ಅನುಕೂಲಕ್ಕೆ ಐವತ್ತು ಡಾಲರ್ ಜಾಸ್ತಿ ಕೊಟ್ಟರೂ ತಪ್ಪಿಲ್ಲ ಅನ್ನುವವನು ನಾನು.

ಒಟ್ಟು ಖರ್ಚನ್ನೂ ಹೋಲಿಸಿ. ಹರಾಜಿನಲ್ಲಿ 800ಕ್ಕೆ ಸಿಕ್ಕಿತು ಅನ್ನಿ. ಕಳಿಸುವ ಖರ್ಚು 40. ಬೇರೆ ರಾಜ್ಯದಿಂದ ಬರುವ ರಿವಾಲ್ವರ್ ನೇರ ನಿಮ್ಮ ಮನೆಗೆ ಬರುವಂತಿಲ್ಲ, ನಿಮ್ಮ ಊರಿನ ಲೈಸೆನ್ಸ್ ಇರುವ ಡೀಲರ್ ಕೈಗೇ ಬರಬೇಕು. ಅವರು ಅದಕ್ಕೊಂದು ಶುಲ್ಕ ತಗೋತಾರೆ, 35 ಅಂತ ಹಿಡಿಯಿರಿ. ಟೆಕ್ಸಾಸ್‌ನ ಸೇಲ್ಸ್ ಟ್ಯಾಕ್ಸ್ ಊರಿನ ಪಾಲೂ ಸೇರಿ 8.25 ಪರ್ಸೆಂಟ್‌ವರೆಗೆ ಹೋಗುತ್ತದೆ, ಅದು 66. ಒಟ್ಟು 941 ಆಯಿತು. ಅಂಗಡಿಯ 950ಕ್ಕೂ ಅದೇ ಟ್ಯಾಕ್ಸ್ ಹಾಕಿದರೆ 1028. ವ್ಯತ್ಯಾಸ 150 ಅಂತ ಕಂಡದ್ದು ನಿಜಕ್ಕೂ 87. ಇನ್ನು ಕ್ರೆಡಿಟ್ ಕಾರ್ಡ್‌ಗೆ 3 ಪರ್ಸೆಂಟ್ ಸೇರಿಸುವ ಅಂಗಡಿಗಳಿವೆ. ಮುಂಚೆಯೇ ಕೇಳಿ.

ಈಗ ಆ 19-3 ಅಂದರೇನು ನೋಡೋಣ. ಆರು ಗುಂಡು ತುಂಬುವ ಸಿಲಿಂಡರ್ ಹೊರಗೆ ತೆಗೆದಾಗ, ಅದನ್ನು ಹಿಡಿದಿರುವ ತೋಳು ಬಂದು ಕೂರುವ ಜಾಗದಲ್ಲಿ, ಫ್ರೇಮಿನ ಮೇಲೆ ಮಾಡೆಲ್ ನಂಬರ್ ಒತ್ತಿರುತ್ತದೆ. ಆ ತೋಳಿಗೆ ಸ್ಮಿತ್‌ನವರು ಯೋಕ್ ಅನ್ನುತ್ತಾರೆ. ಅಡ್ಡಗೆರೆಯ ಮುಂದಿನ ಅಂಕಿ ಬರೀ ಅಲಂಕಾರಕ್ಕಲ್ಲ. ವಿನ್ಯಾಸದಲ್ಲಿ ಏನಾದರೂ ಬದಲಾದಾಗ ಕಂಪನಿ ಅಂಕಿ ಏರಿಸುತ್ತಿತ್ತು. 19-3 ಬಂದದ್ದು 1967ರಲ್ಲಿ. 1977ರಲ್ಲಿ 19-4 ಬಂತು, 1982ರಲ್ಲಿ 19-5. ಬೆಲೆಯಲ್ಲಿ ದೊಡ್ಡ ಗೆರೆ ಎಳೆಯುವುದು ಈ 1982. ಅಲ್ಲಿಯವರೆಗೆ ಬ್ಯಾರೆಲ್ ಜಾರದ ಹಾಗೆ ಫ್ರೇಮಿಗೆ ಅಡ್ಡಲಾಗಿ ಒಂದು ಸಣ್ಣ ಪಿನ್ ಹೊಡೆದಿರುತ್ತಿದ್ದರು. ತೋಟೆಯ ಅಂಚು ಒಳಗೆ ಮುಳುಗಿ ಕೂರುವ ಹಾಗೆ ಸಿಲಿಂಡರ್ ಕೊರೆದಿರುತ್ತಿದ್ದರು. 19-5ರಲ್ಲಿ ಎರಡನ್ನೂ ಬಿಟ್ಟರು. ಹೊಡೆಯುವಾಗ ಇದರಿಂದ ಗುರಿಯಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಆದರೂ "ಪಿನ್ ಇದೆ, ಮುಳುಗಿದ ಸಿಲಿಂಡರ್ ಇದೆ" ಅಂದರೆ ಕೊಳ್ಳುವವರ ಕಣ್ಣು ಅರಳುತ್ತದೆ. ನಿಮ್ಮ 19-3ಕ್ಕೆ ಎರಡೂ ಇರಬೇಕು. ಇಲ್ಲದಿದ್ದರೆ ಬ್ಯಾರೆಲ್ಲೋ ಸಿಲಿಂಡರ್ರೋ ಬದಲಾಗಿದೆ ಅಂತ ಅರ್ಥ.

ಇನ್ನೊಂದು ಗೆರೆ 2000ದ ನಂತರದ್ದು. ಆಗಿನಿಂದ ಸ್ಮಿತ್‌ನವರು ಎಡಗಡೆ ಒಂದು ಸಣ್ಣ ಕೀಲಿ ರಂಧ್ರ ಇಟ್ಟರು. ಆ ತೂತು ಕಂಡರೆ ಹಳಬರಿಗೆ ಆಗುವುದೇ ಇಲ್ಲ. ನಿಮ್ಮದಕ್ಕೆ ಆ ತೂತಿನ ಚಿಂತೆ ಇಲ್ಲ.

ಮಾಡೆಲ್ 19 ಹುಟ್ಟಿದ ಕಾರಣವೇ ಅದರ ದೌರ್ಬಲ್ಯವನ್ನೂ ಹೇಳುತ್ತದೆ. ಇಲ್ಲಿಯ ಗಡಿ ಕಾಯುವ ಬಾರ್ಡರ್ ಪಟ್ರೋಲ್‌ನ ಬಿಲ್ ಜೋರ್ಡನ್ ಅನ್ನುವವರು ದಿನವಿಡೀ ಸೊಂಟದಲ್ಲಿ ಹೊರಲು ಹಗುರವಾದ, ಆದರೆ .357 ಮ್ಯಾಗ್ನಮ್ ಅನ್ನುವ ಜೋರಿನ ತೋಟೆ ಹಾಕಬಹುದಾದ ರಿವಾಲ್ವರ್ ಬೇಕು ಅಂದರು. ಕಂಪನಿ 1955ರಲ್ಲಿ ತನ್ನ ನಡು ಅಳತೆಯ ಕೆ ಫ್ರೇಮಿನಲ್ಲೇ ಅದನ್ನು ಮಾಡಿಕೊಟ್ಟಿತು. ಅಭ್ಯಾಸಕ್ಕೆಲ್ಲ ಅದರಲ್ಲೇ ಹಾಕಬಹುದಾದ ಮೆತ್ತಗಿನ .38 ತೋಟೆ ಹೊಡೆಯುವುದು, ಕೆಲಸದ ಮೇಲಿದ್ದಾಗ ಮಾತ್ರ ಮ್ಯಾಗ್ನಮ್ ತುಂಬುವುದು ಅನ್ನುವುದು ಆಗಿನ ಲೆಕ್ಕ. ಆಮೇಲೆ ಜನ ಅಭ್ಯಾಸಕ್ಕೂ ಮ್ಯಾಗ್ನಮ್ಮನ್ನೇ ಹೊಡೆಯತೊಡಗಿದರು. ಅದರಲ್ಲೂ 125 ಗ್ರೇನ್ (ಸುಮಾರು 8 ಗ್ರಾಂ) ತೂಕದ ಹಗುರ ಬುಲೆಟ್‌ನ ಖಾರವಾದ ತೋಟೆಗಳು. ಬ್ಯಾರೆಲ್‌ನ ಹಿಂಬಾಯಿಗೆ ಫೋರ್ಸಿಂಗ್ ಕೋನ್ ಅನ್ನುತ್ತಾರೆ. ಸಿಲಿಂಡರ್ ಮುಚ್ಚಿಕೊಳ್ಳಲು ಜಾಗ ಸಿಗಲಿ ಅಂತ ಕೆ ಫ್ರೇಮಿನಲ್ಲಿ ಅದರ ತಳವನ್ನು ಸ್ವಲ್ಪ ಚಪ್ಪಟೆಯಾಗಿ ಕೆತ್ತಿದ್ದಾರೆ. ಅಲ್ಲಿ ಲೋಹ ತೆಳು. ಗಡಿಯಾರದ ಆರು ಗಂಟೆಯ ಜಾಗದಲ್ಲಿ ಬಿರುಕು ಬಿಡುವುದು ಅದಕ್ಕೇ. 1980ರ ದಶಕದ ಶುರುವಿನಲ್ಲಿ ಕಂಪನಿ ಇದಕ್ಕಿಂತ ದಪ್ಪನೆಯ ಎಲ್ ಫ್ರೇಮ್ ತಂದು 586, 686 ಅಂತ ಮಾರಿತು.

ನನಗೆ ಟೋಪಿ ಬಿದ್ದದ್ದು ಈ ಬಿರುಕಿನಲ್ಲೇ. ಒಂದು ಗನ್ ಶೋನಲ್ಲಿ ಮಾಡೆಲ್ 19 ನೋಡಿದೆ. ಮೈ ಅಂದರೆ ಮೈ, ಕನ್ನಡಿ ಹಾಗೆ ಹೊಳೆಯುತ್ತಿತ್ತು. ಟೇಬಲ್ ಹಿಂದೆ ಕೂತವರು "ನಮ್ಮಪ್ಪ ಒಂದು ಡಬ್ಬಿ ಗುಂಡು ಕೂಡ ಹೊಡೆದಿಲ್ಲ" ಅಂದರು. ಟಾರ್ಚ್ ತಗೊಂಡು ಹೋಗಿರಲಿಲ್ಲ. ಕೇಳೋಕೆ ನಾಚಿಕೆ. ದುಡ್ಡು ಕೊಟ್ಟು ಬಂದೆ. ಮಾರನೇ ವಾರ ಗನ್‌ಸ್ಮಿತ್ ಬೆಳಕು ಹಾಕಿ ನೋಡಿ, ಮಾತಾಡದೆ ನನ್ನ ಕೈಗೇ ಟಾರ್ಚ್ ಕೊಟ್ಟರು. ಆರು ಗಂಟೆಯ ಜಾಗದಲ್ಲಿ ಕೂದಲೆಳೆಯಂಥ ಗೆರೆ. ಉಗುರು ತಾಗಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ಆ ಬ್ಯಾರೆಲ್ ಕಂಪನಿ ಈಗ ಮಾಡುವುದಿಲ್ಲ. ಹಳೇ ಬ್ಯಾರೆಲ್ ಹುಡುಕಿ ಹಾಕಿಸುವಷ್ಟರಲ್ಲಿ ಇನ್ನೊಂದು ರಿವಾಲ್ವರ್ ಬರುತ್ತಿತ್ತು. ಅಪ್ಪನ ಒಂದು ಡಬ್ಬಿ ಗುಂಡಿನ ಕಥೆಗೇ ನಾನು ಇನ್ನೂರು ಡಾಲರ್ ಜಾಸ್ತಿ ಕೊಟ್ಟಿದ್ದೆ.

ಹಾಗಾಗಿ ನಿಮ್ಮ ಜೇಬಿನಲ್ಲಿ ಎರಡು ಸಾಮಾನು ಇರಲಿ. ಸಣ್ಣ ಟಾರ್ಚ್ ಒಂದು. ಇನ್ನೊಂದು, ಸ್ಪಾರ್ಕ್ ಪ್ಲಗ್ ಸಂದು ಅಳೆಯಲು ಮೆಕ್ಯಾನಿಕ್‌ಗಳು ಇಟ್ಟುಕೊಳ್ಳುವ ಫೀಲರ್ ಗೇಜ್. ಯಾವುದೇ ಆಟೋ ಪಾರ್ಟ್ಸ್ ಅಂಗಡಿಯಲ್ಲಿ ಕೆಲವೇ ಡಾಲರ್‌ಗೆ ಸಿಗುತ್ತದೆ. ಅಂಗಡಿಗೆ ಹೋದ ತಕ್ಷಣ "ಟೈಮಿಂಗ್ ನೋಡಬಹುದಾ, ಖಾಲಿ ಟ್ರಿಗರ್ ಎಳೆಯಬಹುದಾ" ಅಂತ ಕೇಳಿ. ಒಳ್ಳೆ ಅಂಗಡಿಯವರು ಬೇಡ ಅನ್ನುವುದಿಲ್ಲ. ಬೇಡ ಅಂದರೆ ಅದೂ ಒಂದು ಉತ್ತರವೇ. ಕೈಗೆ ತಗೊಂಡ ಕೂಡಲೇ ಸಿಲಿಂಡರ್ ತೆಗೆದು ತೋಟೆ ಕೂರುವ ಆರು ಗುಂಡಿಯೂ ಖಾಲಿ ಅಂತ ನೀವೇ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ. ಬ್ಯಾರೆಲ್ ಯಾರ ಕಡೆಗೂ ತಿರುಗಬಾರದು. ಇನ್ನೊಂದು ಮಾತು, ಸಿನಿಮಾದವರ ಹಾಗೆ ಮಣಿಕಟ್ಟು ತಿರುಗಿಸಿ ಸಿಲಿಂಡರ್ ಪಟ್ ಅಂತ ಮುಚ್ಚಬೇಡಿ. ಯೋಕ್ ಬಾಗುತ್ತದೆ. ಅಂಗಡಿಯವರಿಗೆ ನಿಮ್ಮ ಮೇಲಿದ್ದ ಗೌರವ ಅಲ್ಲೇ ಮುಗಿಯುತ್ತದೆ, ಚೌಕಾಸಿಯೂ ಮುಗಿಯುತ್ತದೆ.

ಟಾರ್ಚ್ ಬೆಳಕಿನಲ್ಲಿ ಮೊದಲು ಫೋರ್ಸಿಂಗ್ ಕೋನ್ ತಳ ನೋಡಿ. ಅಲ್ಲಿ ಸೀಸದ ಮಸಿ ಮೆತ್ತಿಕೊಂಡು ಬಿರುಕು ಮುಚ್ಚಿರಬಹುದು, ಒರೆಸಿ ನೋಡೋಕೆ ಬಟ್ಟೆ ಕೇಳಿ. ಬಿರುಕು ಕಂಡರೆ ಮುಂದಿನ ಪರೀಕ್ಷೆ ಬೇಡ. ವಂದನೆ ಹೇಳಿ ಹೊರಡಿ. ಅದನ್ನು ಎಷ್ಟಕ್ಕೆ ಕೊಟ್ಟರೂ ಹೊಡೆಯುವವರಿಗೆ ಬೇಡ. ಆಮೇಲೆ ಬ್ಯಾರೆಲ್ ಒಳಗೆ ನೋಡಿ. ತುಕ್ಕು ತಿಂದ ಗುಳಿಗಳಿವೆಯಾ, ಎಲ್ಲಾದರೂ ಉಂಗುರದ ಹಾಗೆ ಕಪ್ಪು ನೆರಳು ಕಾಣುತ್ತಾ? ಉಂಗುರ ಕಂಡರೆ ಯಾವಾಗಲೋ ಗುಂಡು ಒಳಗೆ ಸಿಕ್ಕಿಕೊಂಡು ಬ್ಯಾರೆಲ್ ಉಬ್ಬಿದೆ ಅಂತ ಲೆಕ್ಕ.

ಟೈಮಿಂಗ್ ಅಂದರೆ, ತೋಟೆಗೆ ಬಡಿಯುವ ಹ್ಯಾಮರ್ ಪೂರ್ತಿ ಹಿಂದಕ್ಕೆ ಬರುವ ಹೊತ್ತಿಗೆ ಸಿಲಿಂಡರ್ ತನ್ನ ಜಾಗಕ್ಕೆ ಬಂದು ಬೀಗ ಬಿದ್ದಿರಬೇಕು. ಹ್ಯಾಮರನ್ನು ಬಹಳ ನಿಧಾನಕ್ಕೆ ಎಳೆಯಿರಿ, ಆರು ಗುಂಡಿಗೂ ಬೇರೆ ಬೇರೆಯಾಗಿ. ಇನ್ನೊಂದು ಕೈಯ ಬೆರಳನ್ನು ಸಿಲಿಂಡರ್ ಮೇಲೆ ಹಗುರವಾಗಿ ಇಟ್ಟಿರಿ, ಇಲ್ಲದಿದ್ದರೆ ತನ್ನ ವೇಗಕ್ಕೇ ತಿರುಗಿ ಸವೆದದ್ದೂ ಸರಿಯಾಗಿ ಕಾಣುತ್ತದೆ. ಐದು ಸರಿ, ಒಂದು ತಡ ಅಂದರೂ ಲೆಕ್ಕಕ್ಕೆ ತಗೊಳ್ಳಿ. ಆಮೇಲೆ ಟ್ರಿಗರ್ ಎಳೆದು, ಬಿಡದೆ ಹಿಡಿದುಕೊಂಡೇ ಸಿಲಿಂಡರನ್ನು ಅಕ್ಕಪಕ್ಕ ಅಲುಗಿಸಿ. ಸ್ಮಿತ್‌ನಲ್ಲಿ ಚೂರು ಅಲುಗುವುದು ಸಹಜ. ಕೋಲ್ಟ್ ಕಂಪನಿಯ ಹಳೇ ರಿವಾಲ್ವರ್ ಆಗಿದ್ದರೆ ಅಲುಗಲೇಬಾರದು, ಅದರ ವಿನ್ಯಾಸವೇ ಹಾಗೆ. ಕೋಲ್ಟ್ ನೋಡಿ ಅಭ್ಯಾಸ ಆದವರು ಒಳ್ಳೆ ಸ್ಮಿತ್‌ಗಳನ್ನು ಬೇಡ ಅಂದದ್ದನ್ನು ನೋಡಿದ್ದೇನೆ. ಇನ್ನು ಹ್ಯಾಮರ್ ಎತ್ತಿ ನಿಲ್ಲಿಸಿ, ಟ್ರಿಗರ್ ಮುಟ್ಟದೆ, ಹೆಬ್ಬೆರಳಿನಿಂದ ಹ್ಯಾಮರನ್ನು ಮುಂದಕ್ಕೆ ಒತ್ತಿ. ಬೀಳಬಾರದು. ಬಿದ್ದರೆ ಟ್ರಿಗರ್ ಮೆತ್ತಗಾಗಲಿ ಅಂತ ಯಾರೋ ಒಳಗೆ ಅರ ಹಾಕಿ ಕೆಡಿಸಿದ್ದಾರೆ. ಅದು ಬೆಲೆಯ ಪ್ರಶ್ನೆ ಅಲ್ಲ, ಅಪಾಯದ ಪ್ರಶ್ನೆ.

ಫೀಲರ್ ಗೇಜ್ ಇರುವುದು ಸಿಲಿಂಡರ್‌ಗೂ ಬ್ಯಾರೆಲ್‌ಗೂ ನಡುವಿನ ಸಂದಿಗೆ. ಇಂಚಿನ ಸಾವಿರದ ಭಾಗದಲ್ಲಿ ಹೇಳುವುದಾದರೆ 4ರಿಂದ 8 ಚೆನ್ನ, 10 ಅಂದರೆ ಅಂಚು. ಸಿಲಿಂಡರನ್ನು ಹಿಂದಕ್ಕೆ ಒತ್ತಿ ಒಂದು ಸಲ, ಮುಂದಕ್ಕೆ ಒತ್ತಿ ಒಂದು ಸಲ ಅಳೆಯಿರಿ. ಎರಡರ ವ್ಯತ್ಯಾಸವೇ ಹಿಂದುಮುಂದಿನ ಆಟ. ಒಂದೆರಡು ಸಾವಿರದ ಭಾಗ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕಿಂತ ಜಾಸ್ತಿ ಇದ್ದರೆ ಒಳಗೆ ತೆಳುವಾದ ವಾಷರ್ ಹಾಕಿ ಸರಿಮಾಡುತ್ತಾರೆ. ವಾಷರ್‌ಗೆ ಬಿಡಿಗಾಸು, ಮಾಡುವವನ ಕೂಲಿಗೇ ದುಡ್ಡು.

ಇಲ್ಲಿ ಒಂದು ವಿವೇಚನೆ ಬೇಕು. ರಿಪೇರಿ ಆಗುವ ದೋಷ ಕಂಡರೆ ಓಡಿಹೋಗಬೇಡಿ, ಅದನ್ನೇ ಚೌಕಾಸಿಗೆ ಹಿಡಿಯಿರಿ. ಟೈಮಿಂಗ್ ತುಸು ತಡ ಇದ್ದರೆ ಗನ್‌ಸ್ಮಿತ್ ಎಷ್ಟು ತಗೋತಾರೆ ಅಂತ ಮೊದಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. 150 ಅಂದರೆ ಆ 150ನ್ನು ಬೆಲೆಯಿಂದ ಕಳೆಯಿರಿ. ನಿಮ್ಮ ಓಡಾಟಕ್ಕೂ ಕಾಯುವಿಕೆಗೂ ಇನ್ನು ಐವತ್ತು ಕಳೆದರೂ ಅನ್ಯಾಯವಲ್ಲ.

ಹೊರಗಿನ ಮೈಯ ವಿಷಯ. ನೀಲಿ ಎಷ್ಟು ಪರ್ಸೆಂಟ್ ಉಳಿದಿದೆ ಅನ್ನುವುದರ ಮೇಲೆ ಇಲ್ಲಿಯವರು ಬೆಲೆ ಕಟ್ಟುತ್ತಾರೆ. ಮೂತಿಯ ಹತ್ತಿರ ಚರ್ಮದ ಚೀಲಕ್ಕೆ ಉಜ್ಜಿ ಬಿಳುಚಿಕೊಂಡಿರುವುದು, ಸಿಲಿಂಡರ್ ಸುತ್ತ ಒಂದು ತೆಳು ಗೆರೆ, ಇವು ಹೊತ್ತು ತಿರುಗಿದ ಗುರುತು. ಹೊಡೆದ ಗುರುತೇ ಆಗಬೇಕೆಂದಿಲ್ಲ. ಪೊಲೀಸರ ಹಳೇ ರಿವಾಲ್ವರ್‌ಗಳು ಹೀಗೇ. ಇಲ್ಲಿಯ ಪೊಲೀಸ್ ಇಲಾಖೆಗಳು 1980-90ರ ದಶಕಗಳಲ್ಲಿ ಪಿಸ್ತೂಲಿಗೆ ಬದಲಾದಾಗ ಸ್ಮಿತ್‌ನವರ .38 ರಿವಾಲ್ವರ್ ಆದ ಮಾಡೆಲ್ 10ಗಳು ರಾಶಿ ರಾಶಿ ಮಾರುಕಟ್ಟೆಗೆ ಬಂದವು. ಇಪ್ಪತ್ತು ವರ್ಷ ಕಾರಿನ ಬಾಗಿಲಿಗೆ ಬಡಿದು ಬಡಿದು ಮೈ ಸವೆದಿರುತ್ತದೆ, ಒಳಗೆ ಹೆಚ್ಚು ಹೊಡೆದಿರುವುದೇ ಇಲ್ಲ. ಹೊಡೆಯುವವನಿಗೆ ಇದಕ್ಕಿಂತ ಒಳ್ಳೆ ವ್ಯಾಪಾರ ಇಲ್ಲ. ನಿಜ ಹೇಳಬೇಕೆಂದರೆ, ನಿಮಗೆ ಮ್ಯಾಗ್ನಮ್ಮೇ ಬೇಕು ಅಂತ ಹಟ ಇಲ್ಲದಿದ್ದರೆ ಮೊದಲ ರಿವಾಲ್ವರ್ ಆಗಿ ಅಂಥ ಮಾಡೆಲ್ 10 ಹುಡುಕಿ ಅನ್ನುತ್ತಿದ್ದೆ. ಬೆಲೆ ಇದರ ಅರ್ಧದ ಆಸುಪಾಸಿಗೇ ಮುಗಿಯುತ್ತದೆ.

ಸವೆದ ಮೈಗಿಂತ ನಾನು ಹೆದರುವುದು ಹೊಸದಾಗಿ ಹೊಳೆಯುವ ಮೈಗೆ. ಮತ್ತೆ ಬಣ್ಣ ಹಾಕಿಸಿದ ಹಳೇ ರಿವಾಲ್ವರ್ ಸಂಗ್ರಹಕಾರರ ಕಣ್ಣಿಗೆ ಅರ್ಧಕ್ಕರ್ಧ ಬಿದ್ದುಹೋಗುತ್ತದೆ. ಗುರುತು ಹಿಡಿಯುವುದು ಕಷ್ಟವಲ್ಲ. ಚೂಪಾಗಿರಬೇಕಾದ ಅಂಚುಗಳು ಸೋಪಿನ ಹಾಗೆ ಉರುಟಾಗಿರುತ್ತವೆ. ಒತ್ತಿದ ಅಕ್ಷರಗಳು ಮಸುಕಾಗಿರುತ್ತವೆ. ಸ್ಕ್ರೂ ತೂತಿನ ಸುತ್ತ ಬಟ್ಟಲಿನ ಹಾಗೆ ತಗ್ಗು. ಈ ಕಾಲದ ನೀಲಿ ಸ್ಮಿತ್‌ನಲ್ಲಿ ಹ್ಯಾಮರ್, ಟ್ರಿಗರ್ ಮಾತ್ರ ನೀಲಿ ಅಲ್ಲ. ಬೂದು, ಕಂದು, ನೇರಳೆ ಕಲೆಸಿದ ಮೋಡದಂಥ ಬಣ್ಣ ಇರುತ್ತದೆ. ಅವೂ ನೀಲಿ ಆಗಿದ್ದರೆ ಯಾರೋ ಎಲ್ಲವನ್ನೂ ಒಂದೇ ತೊಟ್ಟಿಯಲ್ಲಿ ಅದ್ದಿದ್ದಾರೆ. ಸೀರಿಯಲ್ ನಂಬರ್ ಪಕ್ಕ ಒಂದು ನಕ್ಷತ್ರದ ಗುರುತಿದ್ದರೆ ಅದು ಮತ್ತೆ ಕಾರ್ಖಾನೆಗೆ ಹೋಗಿ ಬಂದದ್ದು. ಕಾರ್ಖಾನೆಯವರೇ ಮಾಡಿದ್ದರೆ ಕೆಲಸ ಚೆನ್ನಾಗಿರುತ್ತದೆ. ನಿಮಗೆ ಹೊಡೆಯೋಕೆ ಅದು ಒಳ್ಳೆಯದೇ, ಬೆಲೆ ಮಾತ್ರ ಇಳಿಯಲೇಬೇಕು. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಅಡುಗೆಮನೆ ಮೇಜಿನ ಮೇಲೆ ಯಾರೋ ಬಿಚ್ಚಿದ್ದಾರೆ. ಆಗ ಮೇಲಿನ ಪರೀಕ್ಷೆಗಳನ್ನು ಇನ್ನೊಂದು ಸಲ ಮಾಡಿ.

ಹಾಂ, ಬೆಲೆಚೀಟಿ ಮೇಲೆ "ಗುಡ್" ಅಂತ ಇದ್ದರೆ ಒಳ್ಳೆಯದು ಅಂದುಕೊಳ್ಳಬೇಡಿ. ಇಲ್ಲಿನ ರೈಫಲ್ ಅಸೋಸಿಯೇಷನ್‌ನ ದರ್ಜೆಗಳಲ್ಲಿ ಎಕ್ಸಲೆಂಟ್, ವೆರಿ ಗುಡ್ ಆದ ಮೇಲೆ ಗುಡ್ ಬರುತ್ತದೆ. ಅದರ ಕೆಳಗೆ ಫೇರ್. ಗುಡ್ ಅಂದರೆ ಸುರಕ್ಷಿತವಾಗಿ ಕೆಲಸ ಮಾಡುತ್ತದೆ, ಸವೆದಿದೆ ಅಂತಷ್ಟೇ.

ರಬ್ಬರ್ ಹಿಡಿ ನಿಮ್ಮ ಕೈಗೆ ಹಿತ ಇರಬಹುದು. ಆದರೆ ಮೂಲ ಮರದ ಹಿಡಿ ಎಲ್ಲಿ ಅಂತ ಕೇಳಿ. ಎಷ್ಟೋ ಸಲ ಅಂಗಡಿಯ ಡ್ರಾಯರ್‌ನಲ್ಲೇ ಬಿದ್ದಿರುತ್ತದೆ. ಆ ಕಾಲದ ಸ್ಮಿತ್ ಮರದ ಹಿಡಿಗಳು ಬಿಡಿಯಾಗಿಯೇ ನೂರು ಡಾಲರ್ ದಾಟಿ ಹೋಗುತ್ತವೆ. ಹೋಲಿಸಲು ಆರಿಸಿದ ಐದಾರು ಮಾರಾಟಗಳಲ್ಲಿ ಮರದ ಹಿಡಿ ಇದ್ದವಕ್ಕೂ ನಿಮ್ಮದಕ್ಕೂ ಇಷ್ಟು ವ್ಯತ್ಯಾಸ ಇರಬೇಕು. ಪೆಟ್ಟಿಗೆಗೂ ಹಾಗೆಯೇ. ಮುಂದೆ ಯಾವತ್ತಾದರೂ ಪೆಟ್ಟಿಗೆ ಸಮೇತ ಕೊಳ್ಳುವಾಗ, ಪೆಟ್ಟಿಗೆ ಮೇಲಿನ ಸೀರಿಯಲ್ ನಂಬರೂ ರಿವಾಲ್ವರ್‌ನ ನಂಬರೂ ಒಂದೇ ಅಂತ ನೋಡಿ. ಖಾಲಿ ಪೆಟ್ಟಿಗೆಗಳನ್ನು ಬೇರೆಯಾಗಿಯೇ ಮಾರುವವರಿದ್ದಾರೆ.

"ಬೆಲೆ ಏರ್ತಾನೇ ಇರುತ್ತೆ" ಅನ್ನುವ ಮಾತಿಗೆ ಬರುತ್ತೇನೆ. ಕೋಲ್ಟ್ ಪೈಥಾನ್ ರಿವಾಲ್ವರ್‌ನ ಕಥೆಯನ್ನು ಎಲ್ಲ ಅಂಗಡಿಯವರೂ ಹೇಳುತ್ತಾರೆ. 1955ರಲ್ಲಿ ಬಂದು, 2000ರ ದಶಕದ ನಡುವೆ ನಿಂತುಹೋಗಿ, ಹಳೆಯವುಗಳ ಬೆಲೆ ಆಕಾಶಕ್ಕೆ ಹೋಯಿತು. 2020ರಲ್ಲಿ ಕೋಲ್ಟ್ ಹೊಸ ಪೈಥಾನನ್ನು 1,499 ಡಾಲರ್ ಪಟ್ಟಿ ಬೆಲೆಗೆ ತಂದಿತು. ಅಚ್ಚುಕಟ್ಟಾಗಿ ಉಳಿದ ಹಳೆಯವನ್ನು ಸಂಗ್ರಹಕಾರರು ಬಿಟ್ಟುಕೊಡಲಿಲ್ಲ. ಆದರೆ ಮೈ ಸವೆದ ಪೈಥಾನ್ ಹಿಡಿದು ಕೂತವರಿಗೆ, "ಇಷ್ಟಕ್ಕೆ ಹೊಸದೇ ಬರುತ್ತಲ್ಲ" ಅನ್ನುವ ಗಿರಾಕಿಗೆ ಉತ್ತರ ಹೇಳುವುದು ಕಷ್ಟವಾಯಿತು. ಸವೆದ, ಹಿಡಿ ಬದಲಾದ, ಪೆಟ್ಟಿಗೆ ಇಲ್ಲದ ಮಾಡೆಲ್ 19ಕ್ಕೂ ಅದೇ ನ್ಯಾಯ. ಮಾರಬೇಕಾಗಿ ಬಂದರೆ ಅಂಗಡಿಯವರು ನಿಮಗೆ ಕೊಡುವುದು ತಾವು ಮಾರುವ ಬೆಲೆಯ ಅರ್ಧಕ್ಕಿಂತ ತುಸು ಮೇಲೆ. ಅವರಿಗೂ ಬಾಡಿಗೆ, ಕರೆಂಟ್ ಬಿಲ್ ಇದೆಯಲ್ಲ. ಇದು ಚಿನ್ನ ಅಲ್ಲ, ಸೈಟ್ ಅಲ್ಲ. ಹೊಡೆದು ಖುಷಿಪಡೋಕೆ ಕೊಡುವ ದುಡ್ಡು ಅಂದುಕೊಳ್ಳಿ.

ಊರಿನ ಬೆಲೆಗೂ ಹೋಲಿಸಬೇಡಿ. ಭಾರತದಲ್ಲಿ ಹಳೇ ವಿದೇಶಿ ರಿವಾಲ್ವರ್ ಲಕ್ಷಗಟ್ಟಲೆಗೆ ಹೋಗುತ್ತದೆ ಅಂತ ನಿಮ್ಮ ಮಾವನೋ ಚಿಕ್ಕಪ್ಪನೋ ಹೇಳಿರಬಹುದು. ನಿಜವೇ. ಹೊರಗಿನಿಂದ ತರಿಸೋಕೆ ಬಿಗಿ ಇರುವುದರಿಂದ ಇದ್ದ ಕೆಲವೇ ಕೈಯಿಂದ ಕೈಗೆ ಓಡಾಡುತ್ತವೆ. ಅಲ್ಲಿ ಜನ ದುಡ್ಡು ಕೊಡುವುದು ಕೊರತೆಗೆ. ನೀವು ಇಲ್ಲಿ ಕೊಂಡದ್ದನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗುವ ಯೋಚನೆ ಕನಸಲ್ಲೂ ಬೇಡ.

ಕಾಗದದ ವಿಷಯ ಬೇಗ ಮುಗಿಸುತ್ತೇನೆ. ಗ್ರೀನ್ ಕಾರ್ಡ್ ಇರುವುದರಿಂದ ನೀವು ಕೊಳ್ಳಬಹುದು. ಡೀಲರ್ ಹತ್ತಿರ ರಿವಾಲ್ವರ್ ಕೊಳ್ಳಲು 21 ವರ್ಷ ತುಂಬಿರಬೇಕು. 4473 ಅನ್ನುವ ಫಾರಂ ತುಂಬಬೇಕು, ಹಿನ್ನೆಲೆ ತಪಾಸಣೆ ಆಗುತ್ತದೆ. ಆದರೆ ಇದನ್ನು ಓದುತ್ತಿರುವವರಲ್ಲಿ ಎಚ್-1ಬಿ, ಎಲ್-1, ಎಫ್-1 ವೀಸಾದವರೂ ಇರುತ್ತೀರಿ. ಫೆಡರಲ್ ಕಾನೂನಿನಲ್ಲಿ ನಿಮಗೆ ಬಂದೂಕು ಕೊಳ್ಳುವುದೂ ಇಟ್ಟುಕೊಳ್ಳುವುದೂ ನಿಷಿದ್ಧ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿಗಳಿವೆ. ಗೆಳೆಯ ಹೇಳಿದ ಅಂತ ಹೋಗಬೇಡಿ, ಮೊದಲು ವಕೀಲರನ್ನು ಕೇಳಿ. ಫಾರಂನಲ್ಲಿ ಒಂದು ಟಿಕ್ ತಪ್ಪಿದರೆ ನೌಕರಿ, ವೀಸಾ ಎರಡಕ್ಕೂ ಕುತ್ತು. ನಿಮ್ಮ ಹೆಸರಲ್ಲಿ ತೆಗೆದುಕೊಡಿ ಅಂತ ಗ್ರೀನ್ ಕಾರ್ಡ್ ಇರುವ ಗೆಳೆಯರನ್ನು ಕೇಳುವುದೂ ಅಪರಾಧವೇ.

ಸರಿ, ನಿಮ್ಮ 950. ಬಿರುಕಿಲ್ಲ, ಟೈಮಿಂಗ್ ಆರಕ್ಕೂ ಸರಿ, ಸಂದು 8ರ ಒಳಗೆ, ಮೂಲ ನೀಲಿ 90 ಪರ್ಸೆಂಟ್ ಇದೆ ಅಂದುಕೊಳ್ಳೋಣ. ಮರದ ಹಿಡಿ ಸಮೇತ ಅಂಥವು ಮಾರಾಟ ಆದ ಬೆಲೆಯ ನಡುಮಧ್ಯೆ ನಿಮಗೆ 850 ಸಿಕ್ಕಿತು ಅನ್ನಿ. ಹಿಡಿಗೆ 100 ಕಳೆದರೆ 750. ಕೈಯಲ್ಲಿ ಹಿಡಿದು ನೋಡಿದ ಅನುಕೂಲಕ್ಕೆ 50 ಸೇರಿಸಿದರೆ 800. ನಾನಾದರೆ ಟ್ಯಾಕ್ಸ್ ಬಿಟ್ಟು 800ಕ್ಕೆ ನಿಲ್ಲುತ್ತೇನೆ. ಡ್ರಾಯರ್‌ನಿಂದ ಮರದ ಹಿಡಿ ಹೊರಬಂದರೆ 900 ಕೊಡುತ್ತೇನೆ. ಟೈಮಿಂಗ್ ಒಂದು ಗುಂಡಿಯಲ್ಲಿ ತಡ ಅಂದರೆ 600. ಹುಡುಕಿದಾಗ ನಿಮ್ಮ ನಡುಮಧ್ಯೆಯ ಅಂಕಿ ಬೇರೆ ಬಂದರೆ ಅದನ್ನೇ ಇಟ್ಟುಕೊಂಡು ಕಳೆದು ಕೂಡಿಸಿ.

ಚೌಕಾಸಿಗೆ ಗಲಾಟೆ ಬೇಡ. ಇಲ್ಲಿ ನಮ್ಮ ಊರಿನ ಸಂತೆ ಹಾಗೆ ಅರ್ಧಕ್ಕೆ ಕೇಳಿದರೆ ಮುಖ ತಿರುಗಿಸುತ್ತಾರೆ. ನೋಡಿದ್ದನ್ನೆಲ್ಲ ನೋಡಿ, ಕೆಳಗಿಟ್ಟು, "ಇವತ್ತೇ ನಗದು ಕೊಟ್ಟು ತಗೋತೀನಿ, 780ಕ್ಕೆ ಆಗುತ್ತಾ" ಅಂತ ಒಂದು ಸಲ ಕೇಳಿ ಸುಮ್ಮನಾಗಿ. ಆ ಮೌನದಲ್ಲಿ ಮಾತು ತುಂಬಬೇಡಿ. ಆಗಲ್ಲ ಅಂದರೆ ನಂಬರ್ ಕೊಟ್ಟು ಬನ್ನಿ. ಆರು ವಾರ ಕಪಾಟಿನಲ್ಲೇ ಇದ್ದರೆ ಅವರೇ ಫೋನ್ ಮಾಡುವುದುಂಟು. ಅಷ್ಟರಲ್ಲಿ ಬೇರೆಯವರು ತಗೊಂಡುಹೋದರೆ ಹೋಗಲಿ, ಮಾಡೆಲ್ 19ಗೆ ಇಲ್ಲಿ ಬರ ಇಲ್ಲ.

ಮುಂದಿನ ಸಲ ಅಂಗಡಿಗೆ ಹೋದಾಗ ಮೂರು ಫೋಟೋ ತೆಗೆದು ಕಳಿಸಿ. ಫೋರ್ಸಿಂಗ್ ಕೋನ್ ತಳ ಟಾರ್ಚ್ ಬೆಳಕಿನಲ್ಲಿ, ಯೋಕ್ ಹಿಂದಿನ ಮಾಡೆಲ್ ನಂಬರ್, ಬಲಗಡೆಯ ಸ್ಕ್ರೂಗಳು. ಸೀರಿಯಲ್ ನಂಬರ್ ಬಂದರೆ ಕೊನೆಯ ಮೂರು ಅಂಕಿ ಮುಚ್ಚಿರಿ.